ಏಳನೇ ಆಟಕ್ಕೆ ಯಾರು

ವೆಸ್ನಾ, ಸಸ್ಕಾಚೆವನ್
೧೪ ಮಾರ್ಚ್ ೧೯೮೪, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗ ಒಸ್ತಾಪ್‌ಗೆ,

ಅಮ್ಮನ ಆಶೀರ್ವಾದಗಳು. ಆರೋಗ್ಯವಾಗಿದ್ದೀಯಾ? ಸೊಂಟದ ನೋವು ಹೇಗಿದೆ? ಉಗ್ರಾಣದ ಕೆಲಸ, ಕೂತೇ ಮಾಡುವಂಥದ್ದು ಎಂದು ಕ್ರಿಸ್‌ಮಸ್ ಕಾರ್ಡಿನಲ್ಲಿ ಬರೆದಿದ್ದೆ. ನಂಬಬೇಕೋ ಬೇಡವೋ ತಿಳಿಯಲಿಲ್ಲ. ನೀನು ಒಂದು ಕಡೆ ಕೂತು ಕೆಲಸ ಮಾಡಿದ್ದನ್ನು ಮೂವತ್ಮೂರು ವರ್ಷದಲ್ಲಿ ನಾನಂತೂ ಕಂಡಿಲ್ಲ. ಉಣ್ಣೆಯ ಕಾಲುಚೀಲಗಳು ತಲುಪಿದವೆ? ತೆಳುವಾದ ಜೊತೆಯನ್ನು ಒಳಗೆ ಹಾಕಿಕೊಂಡು ದಪ್ಪನೆಯದನ್ನು ಅದರ ಮೇಲೆ ಹಾಕಿಕೋ. ನಿನ್ನ ಗಣಿಯ ಕಚೇರಿಗೆ ಭಾನುವಾರದಿಂದ ನಾಲ್ಕು ಸಲ ಫೋನ್ ಮಾಡಿದೆ. ಕಾಡಿನ ಶಿಬಿರಕ್ಕೆ ಫೋನಿಲ್ಲವಂತೆ, ವೈರ್‌ಲೆಸ್‌ನಲ್ಲಿ ಸುದ್ದಿ ಮುಟ್ಟಿಸುತ್ತೇವೆ ಎಂದರು. ಮುಟ್ಟಿಸಿದರು ಕೂಡ. ನಿನ್ನಿಂದ ಬಂದ ಉತ್ತರ 'ತಿಳಿಯಿತು' ಅಂತ ಒಂದೇ ಮಾತು. ತಿಳಿಯಿತು ಎಂದರೆ ಏನಪ್ಪಾ? ಬರುತ್ತೀಯೋ ಇಲ್ಲವೋ? ನಿಮ್ಮಪ್ಪನಿಗೆ ಲಕ್ವ ಹೊಡೆದಿದೆ, ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತಿಲ್ಲ. ಇನ್ನೊಮ್ಮೆ ಹೊಡೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಈ ಕಾಗದ. ಅವರ ಸುದ್ದಿ ಎಂದು ಮಡಚಿ ಇಡಬೇಡ ಕಂದಾ, ಕೊನೆಯವರೆಗೂ ಓದು.

ಐಸ್ ಹಾಕಿಯಲ್ಲಿ ಈ ವರ್ಷವೂ ಫೈನಲ್‌ಗೆ ಬಂದವರು ನಾವು ಮತ್ತು ಹಾರ್ಟ್‌ವೆಲ್‌ನವರೇ. ಏಳು ಆಟದಲ್ಲಿ ನಾಲ್ಕು ಗೆದ್ದವರಿಗೆ ಕಪ್, ಯಥಾಪ್ರಕಾರ. ವಿಂಗ್ ಅವರ ಕೆಫೆಯಲ್ಲಿ ಬೆಳಗಿನ ಕಾಫಿಗೆ ಕೂರುವ ಪಂಚಾಯ್ತಿದಾರರು ಹಾಗೇ ಇದ್ದಾರೆ. ಅವರ ಹೊಲಗಳನ್ನು ಯಾರು ನೋಡಿಕೊಳ್ಳುತ್ತಾರೋ ದೇವರಿಗೇ ಗೊತ್ತು. ಮೊಟ್ಟೆ ಕೊಡಲು ಹೋದಾಗಲೆಲ್ಲ ಅವರ ಮಾತು ನನ್ನ ಕಿವಿಗೆ ಬೀಳುತ್ತದೆ. ಎರಡು ವರ್ಷದ ಹಿಂದೆ ತಲೆಯ ಮೇಲೆ ಹೊತ್ತು ಕುಣಿದಿದ್ದ ಗೋಲಿ ಫ್ರೀಸೆನ್ ಮೇಷ್ಟರನ್ನು ಈಗ ಕಂಡರಾಗುವುದಿಲ್ಲ. ಜೇನು ಸಾಕುವ ಪ್ರೊಕಿಪ್ ಮೊನ್ನೆ, "ಅವನ ಎರಡು ಕಾಲಿನ ಮಧ್ಯೆ ನಮ್ಮ ಹಸು ಕರು ಸಮೇತ ದಾಟಿ ಹೋಗುತ್ತೆ ಕಣಯ್ಯಾ" ಎಂದ. ಗೋಧಿ ಗೋದಾಮಿನ ಹಾಲ್ವರ್ಸನ್ ಬಿಡುತ್ತಾನೆಯೇ? "ಒಸ್ತಾಪನ್ನ ಆಡಿಸಬೇಡಿ ಅಂದೋನು ನಾನು, ಅವತ್ತು ಕಪ್ ಬಂತು. ಈಗ ಇವನು ಸರಿಯಿಲ್ಲ ಅಂತಾನೂ ನಾನೇ ಹೇಳ್ತಿದೀನಿ" ಎಂದು ಎರಡೂ ಕಡೆಯ ಹೆಗ್ಗಳಿಕೆಯನ್ನು ತಾನೇ ಹೊತ್ತುಕೊಂಡ. ನಿನ್ನ ಹೆಸರು ಬಂದ ಕೂಡಲೇ ನನ್ನತ್ತ ನೋಡಿ ಎಲ್ಲರೂ ಕಾಫಿ ಕಪ್ಪಿನೊಳಗೆ ಮುಖ ಹಾಕಿದರು. ನಾನು ಮೊಟ್ಟೆ ಇಟ್ಟು ಹೊರಟುಬಂದೆ.

ಶನಿವಾರದ ಎರಡನೇ ಆಟಕ್ಕೆ ನಿಮ್ಮಪ್ಪ ಎಂದಿನಂತೆ ಬಲೆಯ ಹಿಂದಿನ ತಂತಿಗೂಡಿನಲ್ಲಿ, ಆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಹದಿನೆಂಟು ವರ್ಷವಾಯಿತು, ಪಕ್ ಬಿಲ್ಲೆ ಗೋಲಿನ ಗೆರೆ ದಾಟಿದಾಗ ಗುಂಡಿ ಒತ್ತಿ ಕೆಂಪು ದೀಪ ಹಚ್ಚುವುದು ಅವರ ಕೆಲಸ. ಅವರ ಕಟ್ಟುಪಾಡು ನಿನಗೆ ಗೊತ್ತಲ್ಲ, ದೀಪ ಹಚ್ಚುವವನು ಚಪ್ಪಾಳೆ ತಟ್ಟಬಾರದು, ಕೂಗಬಾರದು, ಊರ ತಂಡ ಗೆದ್ದರೂ ಮುಖ ಮರದ ಹಲಗೆಯ ಹಾಗಿರಬೇಕು. ಮೂರನೇ ಅವಧಿಯಲ್ಲಿ ಫ್ರೀಸೆನ್ ಅವರ ಎದುರಿಗಿದ್ದ. ಹಾರ್ಟ್‌ವೆಲ್‌ನವನೊಬ್ಬ ಹೊಡೆದ ಪಕ್ ಅವನ ಕೈಯಡಿ ನುಸುಳಿ ಒಳಗೆ ಹೋಯಿತು. ಮೇಲಿನ ಸಾಲಿನಲ್ಲಿ ಕೂತ ನನಗೂ ಕಾಣಿಸಿತು. ದೀಪ ಹೊತ್ತಲಿಲ್ಲ. ಆಮೇಲೆ ನಮ್ಮವರು ನಗಲು ಶುರುಮಾಡಿದರು. "ಶಹಬ್ಬಾಸ್ ಮೆಥೋಡಿ! ಕೊನೆಗೂ ಊರಿನವನಾದೆ ಬಿಡು!" ಎಂದು ಯಾರೋ ಕೂಗಿದರು. ಹಾರ್ಟ್‌ವೆಲ್ ಕಡೆಯವರು "ಕಳ್ಳ, ಕಳ್ಳ" ಎಂದು ಬೆಂಚು ಬಡಿದರು. ನಮ್ಮವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಸ್ತಾಪ್. ಜೀವಮಾನದಲ್ಲಿ ಅವರಿಗೆ ಈ ಊರು ತಟ್ಟಿದ ಚಪ್ಪಾಳೆ ಅದೊಂದೇ. ನಾನು ಮಾತ್ರ ಮೆಟ್ಟಿಲ ಕಡೆ ಹೊರಟೆ, ಏಕೆಂದರೆ ಆ ಮನುಷ್ಯ ಸುಳ್ಳಿಗೆ ಕೈ ಹಾಕುವವರಲ್ಲ ಎಂದು ನನಗೆ ಗೊತ್ತು. ರೆಫರಿ ಜಗಳವಾಡಲೆಂದೇ ತಂತಿಗೂಡಿನ ಹತ್ತಿರ ಹೋದವನು ಕೈ ಬೀಸಿ ಡಾಕ್ಟರನ್ನು ಕರೆದ. ನಾನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಅವರನ್ನು ಆಟದ ಮಂಜುಗಡ್ಡೆಯ ಮೇಲೆ ಯಾರದೋ ಕೋಟು ಹಾಸಿ ಮಲಗಿಸಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಎಡಗೈಯಿಂದ ಬಲಗೈ ಬೆರಳನ್ನು ಹಿಡಿದು ಒತ್ತುತ್ತಲೇ ಇದ್ದರು, ಗುಂಡಿ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ. ಆ ಗೋಲನ್ನು ಕೊನೆಗೆ ಕೊಟ್ಟರಂತೆ. ನಮ್ಮವರು ಸೋತರಂತೆ. ನನಗೆ ಮರುದಿನ ಗೊತ್ತಾಯಿತು.

ನೀನು ಹೋದಾಗಿನಿಂದ ಆ ಏಳನೇ ಆಟದ ಬಗ್ಗೆ ನಾನು ಒಂದಕ್ಷರ ಬರೆದವಳಲ್ಲ. ಈಗ ಬರೆಯಲೇಬೇಕು. ಎಂಬತ್ತೆರಡರ ಆ ವಾರ ಮೂರು-ಮೂರು ಆಗಿತ್ತು. ಆರನೇ ಆಟದಲ್ಲಿ ನೀನು ನಾಲ್ಕು ಗೋಲು ಬಿಟ್ಟೆ, ನಾಲ್ಕನೆಯದಕ್ಕೆ ಎಡಗಡೆ ಬಿದ್ದವನು ಬೇಗ ಏಳಲಿಲ್ಲ. ಅಲ್ಲಿಂದ ಶುರುವಾಯಿತು ನೋಡು. ಏಳನೇ ಆಟಕ್ಕೆ ಗೋಲಿನಲ್ಲಿ ಯಾರು? ಒಸ್ತಾಪೋ ಫ್ರೀಸೆನ್ನೋ? ಇಡೀ ಊರಿಗೆ ಬೇರೆ ಮಾತೇ ಇರಲಿಲ್ಲ. ಅಕ್ಕಪಕ್ಕದ ಮನೆಯವರು ಮಾತು ಬಿಟ್ಟರು. ಪಾದ್ರಿಗಳು ಉಪದೇಶದ ನಡುವೆ ತಾಳ್ಮೆಯ ಬಗ್ಗೆ ಎರಡು ಮಾತು ಹೇಳಿದರೆ, ಅದು ಹಳಬನನ್ನೇ ಆಡಿಸಿ ಎಂಬ ಸೂಚನೆಯೆಂದು ಅರ್ಧ ಜನ, ಹೊಸಬನಿಗೆ ದಾರಿ ಬಿಡು ಎಂದು ಇನ್ನರ್ಧ ಜನ ತಿಳಿದುಕೊಂಡರು. ಕೆಫೆಯಲ್ಲಿ ಪ್ರೊಕಿಪ್ ಮೇಜು ಗುದ್ದಿ, "ಹನ್ನೊಂದು ವರ್ಷ ಈ ಊರಿಗೋಸ್ಕರ ಮೈಯೆಲ್ಲ ಪೆಟ್ಟು ತಿಂದೋನು ಅವನು. ಕಪ್ ಬಾಗಿಲ ತನಕ ಬಂದಾಗ ಅವನನ್ನ ಬೆಂಚಲ್ಲಿ ಕೂರಿಸ್ತೀರಾ? ನಾಚ್ಕೆ ಆಗಲ್ವೇನ್ರೋ ನಿಮ್ಗೆ?" ಎಂದು ಕೂಗಾಡಿದ. ಹಾಲ್ವರ್ಸನ್, "ನಾಚ್ಕೆ ಪಟ್ಕೊಂಡ್ರೆ ಗೋಲು ನಿಲ್ಲುತ್ತಾ? ಅವನು ಬಿದ್ದು ಏಳೋ ಹೊತ್ತಿಗೆ ನಾನೊಂದು ಕಪ್ ಕಾಫಿ ಮುಗಿಸಿರ್ತೀನಿ" ಎಂದ. "ಆ ಹೊಟ್ಟೆ ಹೊತ್ಕೊಂಡು ನೀನೊಂದ್ಸಲ ಬಿದ್ದು ಏಳು ನೋಡೋಣ, ಕ್ರೇನ್ ತರಿಸ್ಬೇಕಾಗುತ್ತೆ!" ಎಂದು ಪ್ರೊಕಿಪ್. ವಿಂಗ್ ಕಾಫಿ ಜಗ್ಗು ಹಿಡಿದು ಬಂದು, "ಜಗಳ ಆಡೋರು ಸೇಬಿನ ಪೈ ಕೂಡ ತಗೋಬೇಕು, ಬರೀ ಕಾಫಿಗೆ ಇಷ್ಟು ಗಲಾಟೆ ಕೊಡಲ್ಲ" ಎಂದರು. ನಾನೂ ನಕ್ಕೆ. ಆಗ ಇನ್ನೂ ನಗಬಹುದಾಗಿತ್ತು.

ಅವರೆಲ್ಲರೂ ಕೊನೆಗೆ ನಿಮ್ಮಪ್ಪನ ಕಡೆ ತಿರುಗಿದರು. "ಮೆಥೋಡಿ, ನೀನೇ ಹೇಳಿಬಿಡಪ್ಪಾ. ಅವನ ಬೆನ್ನಿಗೆ ನಿನಗಿಂತ ಹತ್ರ ಯಾರಿದಾರೆ? ಅವನ ಕಾಲು ಸರಿಯಿದೆಯೋ ಇಲ್ವೋ?" ಎಂದು ಹಾಲ್ವರ್ಸನ್ ಕೆಣಕಿದ. ನಿಮ್ಮಪ್ಪ ಸಕ್ಕರೆ ಕಲಕುತ್ತಾ, "ಪಕ್ ಗೆರೆ ದಾಟಿದ್ರೆ ದೀಪ ಹಚ್ತೀನಿ, ದಾಟದಿದ್ರೆ ಹಚ್ಚಲ್ಲ. ಅದಕ್ಕಿಂತ ಹೆಚ್ಚಿಂದು ನನ್ನ ಕೇಳ್ಬೇಡಿ" ಎಂದರು. ಅಷ್ಟೇ. ನಿನ್ನ ಸೊಂಟದ ಕೀಲು ಸವೆದಿದೆ, ಸಸ್ಕಟೂನಿನ ಡಾಕ್ಟರು ಆಟ ಬಿಡು ಎಂದಿದ್ದಾರೆ ಎಂದು ನೀನು ಕೊಟ್ಟಿಗೆಯಲ್ಲಿ ನಿಂತು ಅವರೊಬ್ಬರಿಗೇ ಹೇಳಿದ್ದೆಯಲ್ಲ. ಈ ಒಂದು ಆಟ ಆಡಿಬಿಡುತ್ತೇನೆ, ಆಮೇಲೆ ಬಿಡುತ್ತೇನೆ, ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡಿದ್ದೆಯಲ್ಲ. ಆ ಮಾತು ಅವರ ಹೊಟ್ಟೆಯಲ್ಲಿ ಇತ್ತು. ಕೆಫೆಯಲ್ಲಿ ಅದು ಹೊರಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ನಿಮ್ಮಪ್ಪನ ಪಿಕಪ್ ಕೋಚ್ ವಾಲ್ಟರ್ ಸೊರೊಕಾನ ಮರದ ಡಿಪೊ ಮುಂದೆ ಅರ್ಧ ಗಂಟೆ ನಿಂತಿತ್ತು. ಎದುರಿನ ಗೋದಾಮಿನ ಕಿಟಕಿಯಲ್ಲಿ ಹಾಲ್ವರ್ಸನ್ ಇದ್ದ, ಇನ್ನು ಹೇಳಬೇಕೆ? ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಸುತ್ತಿತು: ಗೋಲಿನಲ್ಲಿ ಫ್ರೀಸೆನ್. ಒಸ್ತಾಪನ ಸೊಂಟ ಕೆಟ್ಟಿದೆಯಂತೆ, ಅವರಪ್ಪನೇ ಹೋಗಿ ಹೇಳಿದನಂತೆ. ಆ ಸಂಜೆ ನೀನು ಪೂರ್ತಿ ಪ್ಯಾಡು ಕಟ್ಟಿಕೊಂಡು, ಮುಖವಾಡ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದೆ. ನಾನು ಆಟ ನೋಡಲಿಲ್ಲ, ನಿನ್ನನ್ನೇ ನೋಡುತ್ತಿದ್ದೆ. ಫ್ರೀಸೆನ್ ಮೂವತ್ತೆಂಟು ಹೊಡೆತ ತಡೆದ. ಎರಡು-ಒಂದರಲ್ಲಿ ಗೆದ್ದೆವು. ಊರು ಬೀದಿಗೆ ಬಿದ್ದು ಹಾರ್ನ್ ಬಾರಿಸಿತು. ನೀನು ನೇರವಾಗಿ ತಂತಿಗೂಡಿನ ಹತ್ತಿರ ಬಂದೆ. "ನಿಮಗೊಬ್ಬರಿಗೇ ಹೇಳಿದ್ದೆ ಅಪ್ಪಾ. ನಿಮಗೊಬ್ಬರಿಗೇ" ಎಂದೆ. ಅವರು "ಹೌದು ಮಗಾ" ಎಂದರು. ಮರುದಿನ ಬಸ್ಸು ಹತ್ತಿ ಹೋದೆ. ಕಪ್ಪಿನ ಮೇಲೆ ಉಳಿದವರ ಜೊತೆ ನಿನ್ನ ಹೆಸರನ್ನೂ ಕೊರೆದಿದ್ದಾರೆ, ನೀನು ನೋಡಿಲ್ಲ.

ನೀನು ಹೋದ ಮೇಲೆ ಇಲ್ಲಿ ಏನಾಯಿತು ಗೊತ್ತೆ? ಊರು ಅವರನ್ನು ಹೊಗಳಿತು. ಕೆಫೆಗೆ ಹೋದರೆ "ಬಾ ಮೆಥೋಡಿ, ಕಪ್ ಗೆಲ್ಲಿಸಿದೋನು ನೀನು, ಮಗ ಅಂತ ನೋಡದೆ ನ್ಯಾಯ ಹೇಳ್ದೆ" ಎಂದು ಕುರ್ಚಿ ಎಳೆದು ಕಾಫಿ ತರಿಸುತ್ತಿದ್ದರು. ಆ ಕಾಫಿಯನ್ನು ಅವರು ಒಂದು ಗುಟುಕೂ ಕುಡಿಯುತ್ತಿರಲಿಲ್ಲವಂತೆ, ವಿಂಗ್ ಹೇಳಿದರು. ಒಂದು ತಿಂಗಳಲ್ಲಿ ಕೆಫೆಗೆ ಹೋಗುವುದನ್ನೇ ಬಿಟ್ಟರು. ನಿನ್ನ ಕಾರ್ಡು ಬಂದಾಗ ನಾನು ಗಟ್ಟಿಯಾಗಿ ಓದುತ್ತಿದ್ದೆ. ಕೊನೆಯಲ್ಲಿ 'ಅಪ್ಪನನ್ನು ಕೇಳಿದೆನೆಂದು ಹೇಳು' ಎಂಬ ಒಂದು ಸಾಲು ನಾನೇ ಸೇರಿಸುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ನಾನು ಕೊಟ್ಟಿಗೆಗೆ ಹೋದಾಗ ಕಾರ್ಡು ತೆಗೆದು ತಾವೇ ಓದಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ಹೀಗೆ ಎರಡು ಕ್ರಿಸ್‌ಮಸ್ ಕಳೆದೆವು.

ಈಗ ಆಸ್ಪತ್ರೆಯ ಕೋಣೆಯಲ್ಲಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದಾರೆ. ಗಡ್ಡ ನಾನೇ ಹೆರೆಯುತ್ತೇನೆ. ಗಂಜಿ ಚಮಚದಲ್ಲಿ ಕೊಟ್ಟರೆ ಅರ್ಧ ಕೆಳಗೆ ಬೀಳುತ್ತದೆ, ಅದಕ್ಕೆ ಅವರಿಗೆ ನಾಚಿಕೆ. ನಾಚಿಕೆ ಮಾತ್ರ ಸರಿಯಾಗಿ ಉಳಿದಿದೆ ನೋಡು. ನಿನ್ನೆ ಪ್ರೊಕಿಪ್ ಒಂದು ಬಾಟಲಿ ಜೇನು ತಂದು, ಮೂರನೇ ಆಟಕ್ಕೆ ಫ್ರೀಸೆನ್ ಬೇಡ ಎಂದು ತಾನು ಕೋಚ್ ಜೊತೆ ಹೇಗೆ ವಾದ ಮಾಡಿದೆನೆಂದು ಕೈ ಬೀಸಿ ಬೀಸಿ ಹೇಳಿದ. ಅವರು ಕಣ್ಣು ಮುಚ್ಚಿಕೊಂಡರು. ಅವನು ಹೋದ ಮೇಲೆ ನಾನು "ಒಸ್ತಾಪ್‌ಗೆ ಬರೆಯಲೆ?" ಎಂದು ಕೇಳಿದೆ. ಎಡಗೈ ನನ್ನ ತೋಳನ್ನು ಹಿಡಿದುಕೊಂಡಿತು. ಬಿಡಲೇ ಇಲ್ಲ. ನರ್ಸ್ ಬಂದು ಬಿಡಿಸಬೇಕಾಯಿತು. ಹಾಗೆಂದರೆ ಬರೆ ಎಂದೋ ಬೇಡ ಎಂದೋ ನನಗೆ ತಿಳಿಯಲಿಲ್ಲ. ಬಹಳ ಅತ್ತೆ, ಅವರ ಮುಂದೆ ಅಲ್ಲ, ಹೊರಗೆ ಬಂದು.

ಈ ಕಾಗದ ತರುವ ವಿಮಾನ ಅದೇ ದಿನ ವಾಪಸ್ಸು ಹಾರುತ್ತದಂತೆ. ಅದರಲ್ಲೇ ಹೊರಡು. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬಾ, ಉಗ್ರಾಣ ಎಲ್ಲಿಯೂ ಸಿಗುತ್ತದೆ. ಹೆದ್ದಾರಿಯ ತಿರುವಿಗೆ ಪ್ರೊಕಿಪ್ ಗಾಡಿ ತರುತ್ತಾನೆ, ಯಾವ ದಿನವೆಂದು ವೈರ್‌ಲೆಸ್‌ನಲ್ಲಿ ಹೇಳಿಸಿದರೆ ಸಾಕು. ಊರಿನವರ ಮುಖ ನೋಡಬೇಕಲ್ಲ ಎಂದು ಅಳುಕಬೇಡ. ಪ್ರೊಕಿಪ್, ವಿಂಗ್ ಮತ್ತು ಪಾದ್ರಿಗಳು ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ಫ್ರೀಸೆನ್ ಕೂಡ ಆಸ್ಪತ್ರೆಗೆ ಬಂದಿದ್ದ, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವನ ಮೇಲೂ ಸಿಟ್ಟು ಬೇಡ, ಪಾಪ, ಆಡು ಎಂದರು, ಆಡಿದ. ದೇವಮಾತೆ ನಿನ್ನ ದಾರಿ ಕಾಯಲಿ. ಮೈಮೇಲೆ ಬೆಚ್ಚಗೆ ಹಾಕಿಕೊಂಡು ಹೊರಡು.

ನಿನ್ನನ್ನು ಹೊತ್ತೂ ಗೊತ್ತೂ ಇಲ್ಲದೆ ನೆನೆಯುವ,
ನಿನ್ನ ಅಮ್ಮ
ಪರಸ್ಕಾ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಅಂಟಿಸಿದ್ದ ಲಕೋಟೆ ಮತ್ತೆ ಹರಿದೆ. ಹನ್ನೊಂದಕ್ಕೆ ಚೀಲ ಕಟ್ಟುತ್ತಾರೆ, ಅಕ್ಷರ ಹೇಗಿದ್ದರೂ ಓದಿಕೋ. ಕೋಚ್‌ಗೆ ಹೇಳಿಸಿದ್ದು ನಿಮ್ಮಪ್ಪನಲ್ಲ. ನಾನು. ಆ ಶುಕ್ರವಾರ ನಿನ್ನ ಕೋಟಿಗೆ ಗುಂಡಿ ಹಾಕುವಾಗ ಒಳಜೇಬಿನಲ್ಲಿ ಡಾಕ್ಟರ ಕಾಗದ ಸಿಕ್ಕಿತು. ಇನ್ನೊಮ್ಮೆ ಕೆಟ್ಟದಾಗಿ ಬಿದ್ದರೆ ಮತ್ತೆ ನಡೆಯುವ ಭರವಸೆಯಿಲ್ಲ ಎಂದಿತ್ತು. ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಫೈನಲ್ ಊಟಕ್ಕೆ ಪಿರೋಹಿ ಕಡುಬು ಮಾಡುತ್ತಿದ್ದೆವು. ನನ್ನ ಪಕ್ಕದಲ್ಲಿ ವಾಲ್ಟರನ ಹೆಂಡತಿ ಡೋರಾ ಕೂತಿದ್ದಳು. ಹಿಟ್ಟಿನ ಅಂಚು ಒತ್ತುತ್ತಾ ಒತ್ತುತ್ತಾ ನನಗೆ ತಡೆಯಲಾಗಲಿಲ್ಲ, ಹಿಟ್ಟಿನ ಕೈಯಲ್ಲೇ ಅವಳ ಕೈ ಹಿಡಿದು "ಅವನ ಸೊಂಟ ಕೆಟ್ಟಿದೆ ಕಣೇ, ನನ್ನ ಮಗನ್ನ ಆಡಿಸಬೇಡಿ ಅಂತ ವಾಲ್ಟರ್‌ಗೆ ಹೇಳೇ" ಎಂದು ಅತ್ತುಬಿಟ್ಟೆ. ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದಾಗ ಅವರು ಬೈಯಲಿಲ್ಲ, ನೀನು ಕೊಟ್ಟಿಗೆಯಲ್ಲಿ ಆಡಿದ್ದ ಮಾತನ್ನು ಆಗ ನನಗೆ ಹೇಳಿದರು. ಮರುದಿನ ಡಿಪೊಗೆ ಹೋಗಿದ್ದು ನಿನ್ನನ್ನು ಆಡಿಸಿ ಎಂದು ಬೇಡಿಕೊಳ್ಳುವುದಕ್ಕೆ. ಯಾರ ಪರವಾಗಿಯೂ ಬಾಯಿ ಬಿಡದ ಮನುಷ್ಯ ವಾಲ್ಟರನ ಮುಂದೆ ಟೋಪಿ ತೆಗೆದು ನಿಂತರಂತೆ. ಅವನು ಒಪ್ಪಲಿಲ್ಲ. ಹಾಗಾದರೆ ಪರಸ್ಕಾಳ ಹೆಸರು ಮಾತ್ರ ಎತ್ತಬೇಡ ಎಂದು ಮಾತು ತೆಗೆದುಕೊಂಡು ಬಂದರು. ನಿನಗೆ ಬರೆಯುತ್ತೇನೆ ಎಂದು ನಾನು ಪೆನ್ನು ಹಿಡಿದಾಗಲೆಲ್ಲ, "ಬೇಡ ಕಣೇ. ಅಪ್ಪನ ಮೇಲೆ ಸಿಟ್ಟಿದ್ರೂ ಅಮ್ಮನಿಗೆ ಅಂತ ಒಂದು ಕಾರ್ಡ್ ಹಾಕ್ತಾನೆ. ನಿನ್ನ ಮೇಲೂ ಸಿಟ್ಟಾದ್ರೆ ನಮಗೆ ಅದೂ ಇಲ್ಲ" ಎನ್ನುತ್ತಿದ್ದರು. ನಾನು ಪೆನ್ನು ಮುಚ್ಚಿಡುತ್ತಿದ್ದೆ. ನನಗೂ ನಿನ್ನ ಕಾರ್ಡು ಬೇಕಿತ್ತು. ಎರಡು ವರ್ಷ ಅದಕ್ಕೇ ನಿಮ್ಮಪ್ಪನನ್ನು ನಿನ್ನಿಂದ ದೂರ ಇಟ್ಟೆ. ನೀನು ಬಂದು, ಗೊತ್ತಾಯಿತು ಅಪ್ಪಾ ಎಂದು ಅವರ ಕಿವಿಯಲ್ಲಿ ಹೇಳು. ಎಡಗಿವಿ ಚೆನ್ನಾಗಿ ಕೇಳುತ್ತದೆ. ಆಮೇಲೆ ನನ್ನ ಜೊತೆ ಮಾತು ಬಿಟ್ಟರೂ ಸರಿ.